ಎಪ್ಪತ್ತೆರಡನೆಯ ತಲೆಮಾರು

ಅವರು ಕಲ್ಲನ್ನು ತಟ್ಟಿ ನೋಡುತ್ತಿದ್ದದ್ದು ಬಲಗೈಯಿಂದಲೋ ಎಡಗೈಯಿಂದಲೋ ಎಂದು ಮೂರು ದಿನದಿಂದ ಯೋಚಿಸುತ್ತಿದ್ದೇನೆ. ನೆನಪಾಗುತ್ತಿಲ್ಲ. ಬೆರಳು ಮಡಚಿ, ಗಿಣ್ಣಿನಿಂದ ಎರಡು ಸಲ ಟಕ್ ಟಕ್. ಆಮೇಲೆ ಕಿವಿಯನ್ನು ಅಮೃತಶಿಲೆಯ ಹಲಗೆಯ ಹತ್ತಿರ ತಂದು, ಕಣ್ಣು ಮುಚ್ಚಿ, ಇನ್ನೊಂದು ಸಲ. ಆ ಶಬ್ದ ಕಿವಿಯಲ್ಲಿದೆ. ಮುಚ್ಚಿದ ರೆಪ್ಪೆಯ ಮೇಲೆ ಕೂತಿರುತ್ತಿದ್ದ ಬಿಳಿ ಪುಡಿಯೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೈ ಯಾವುದು ಎಂಬುದು ಮಾತ್ರ ಇಲ್ಲ. ಏಳು ವರ್ಷ ಜೊತೆಯಲ್ಲಿ ಕೆಲಸ ಮಾಡಿದ ಮನುಷ್ಯನ ಬಗ್ಗೆ ಇಷ್ಟೂ ಗೊತ್ತಿಲ್ಲದ ನಾನು ಅವರ ಬಗ್ಗೆ ಬರೆಯಲು ಕೂತಿದ್ದೇನೆ.

ಅವರು ತೀರಿಕೊಂಡ ಸುದ್ದಿಯನ್ನು ಕಳೆದ ತಿಂಗಳು ಅವರ ಮಗಳು ತಿಳಿಸಿದಳು. ಚೀನಾದ ತಮ್ಮ ಊರಿನಲ್ಲಿ, ಬೆಳಿಗ್ಗೆ ಕುರ್ಚಿಯಲ್ಲಿ ಕೂತಿದ್ದ ಹಾಗೆಯೇ ಹೋದರಂತೆ. ಸಂದೇಶದ ಕೊನೆಯಲ್ಲಿ, ‘ಅಪ್ಪ ನಿಮ್ಮನ್ನು ಯಾವಾಗಲೂ ನೆನೆಯುತ್ತಿದ್ದರು. ಒಮ್ಮೆ ಭೇಟಿಯಾಗಬಹುದೇ?’ ಎಂದಿತ್ತು. ಆ ಸಾಲು ಓದಿದಾಗ ನನಗೆ ಮೊದಲು ಬಂದದ್ದು ದುಃಖವಲ್ಲ, ಹೆದರಿಕೆ.

ನನಗೆ ಡೈರಿ ಬರೆಯುವ ಅಭ್ಯಾಸವಿದೆ. ಮಂಗಳೂರಿನಲ್ಲಿ ಇತಿಹಾಸದ ಎಂ.ಎ. ಮಾಡುವಾಗ ಶುರುವಾದದ್ದು, ದುಬೈಗೆ ಬಂದ ಮೇಲೂ ಬಿಟ್ಟಿಲ್ಲ. ನೆನಪನ್ನು ನಂಬಬಾರದು, ಬರೆದದ್ದನ್ನು ಮಾತ್ರ ನಂಬಬೇಕು ಎಂದು ಆಗ ಕಲಿತಿದ್ದೆ. ಈ ಸಲ ಹಳೆಯ ಡೈರಿಗಳನ್ನು ತೆರೆದಾಗ ಗೊತ್ತಾದದ್ದು ಬೇರೆ. ಅವರು ಅದರಲ್ಲಿ ಬಹಳ ಸಲ ಬರುತ್ತಾರೆ, ಹೆಚ್ಚಾಗಿ ತಮಾಷೆಗೆ. ಯಾವ ಹದಿನೈದು ದಿನಗಳನ್ನು ನಾನು ಬರೆದಿಡಬೇಕಿತ್ತೋ ಆ ಹದಿನೈದು ದಿನಗಳಲ್ಲಿ ಅವರ ಹೆಸರೇ ಇಲ್ಲ. ‘ಬಿಸಿಲು ಜೋರು.’ ‘ಕಂಟೇನರ್ ತಡ.’ ‘ಮಗಳಿಗೆ ಶೂ.’ ಇಷ್ಟೇ. ಆ ದಿನಗಳಿಗಾಗಿ ನನ್ನ ಹತ್ತಿರ ಉಳಿದಿರುವುದು ಒಂದು ಮೇಲ್ ಮತ್ತು ಅದರ ನೆತ್ತಿಯ ಮೇಲಿನ ತಾರೀಖು.

ನಮ್ಮದು ಬೇರೆ ಬೇರೆ ದೇಶಗಳಿಂದ ಅಮೃತಶಿಲೆ ತರಿಸಿ ಹೋಟೆಲುಗಳಿಗೂ ವಿಲ್ಲಾಗಳಿಗೂ ಹಾಕಿಕೊಡುವ ಕಂಪನಿ. ಕಚೇರಿ ಜುಮೇರಾ ಲೇಕ್ ಟವರ್ಸ್‌ನಲ್ಲಿ, ಗೋದಾಮು ಊರ ಹೊರಗೆ. ಕಾಗದಪತ್ರ ನನ್ನ ಪಾಲಿಗೆ, ಕಲ್ಲು ಅವರ ಪಾಲಿಗೆ. ಬಂದ ಪ್ರತಿ ಹಲಗೆಯನ್ನು ನೋಡಿ ಇದು ಸರಿ, ಇದು ಬೇಡ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕುವವರು ಅವರು. ಅರವತ್ತು ದಾಟಿದ ಸಣಕಲು ಮೈ, ಬೂದು ಬಣ್ಣದ ಅರ್ಧ ತೋಳಿನ ಅಂಗಿ, ಕೈಯಲ್ಲಿ ಒಂದು ಒದ್ದೆ ಸ್ಪಂಜು. ಹಲಗೆಯನ್ನು ಸ್ಪಂಜಿನಿಂದ ಒರೆಸಿ, ಅದು ಒಣಗುವ ತನಕ ಎದುರಿಗೆ ನಿಂತಿರುತ್ತಿದ್ದರು. ಬಿರುಕಿದ್ದರೆ ನೀರು ಒಳಗೆ ಹೋಗಿರುತ್ತದೆ. ಉಳಿದದ್ದೆಲ್ಲ ಒಣಗಿದರೂ ಅದೊಂದು ಗೆರೆ ಕಪ್ಪಾಗಿ ಉಳಿಯುತ್ತದೆ. “ಬಾಹರ್ ಗುಡ್, ಅಂದರ್ ಟೂಟಾ. ಖಲಾಸ್” ಎನ್ನುತ್ತಿದ್ದರು. ಇಪ್ಪತ್ತು ವರ್ಷ ಗೋದಾಮಿನ ಕೆಲಸಗಾರರ ಜೊತೆ ಕಳೆದು ಅವರು ಕಲಿತ ಭಾಷೆ ಅದು. ಇಂಗ್ಲಿಷ್, ಹಿಂದಿ, ಅರಬ್ಬಿ ಎಲ್ಲದರಿಂದ ಒಂದೊಂದು ತುಂಡು. ಈಗ ಅವರ ಮಾತನ್ನು ಕನ್ನಡದಲ್ಲಿ ಬರೆಯುವಾಗ ನನಗೆ ಗೊತ್ತಿಲ್ಲದಂತೆ ಅದನ್ನು ನೇರ್ಪು ಮಾಡುತ್ತಿದ್ದೇನೆ. ನಿಜವಾದ ಮಾತು ಇದಕ್ಕಿಂತ ಗಿಡ್ಡ, ಇದಕ್ಕಿಂತ ಚುರುಕು.

ಅವರು ಒಬ್ಬ ರಾಜಕುಮಾರನ ವಂಶದವರು ಎಂಬ ವಿಷಯ ಹೊರಗೆ ಬಂದದ್ದು ಒಬ್ಬಳು ಒಳಾಂಗಣ ವಿನ್ಯಾಸಕಿಯಿಂದ. ಯಾವುದೋ ವಿಲ್ಲಾಗೆ ಚೀನಾದ ಅರಮನೆಯ ಹಾಗೆ ಹಸಿರು ಕಲ್ಲಿನ ಗೋಡೆ ಬೇಕೆಂದು ಬಂದಿದ್ದಳು. ಇವರು ಅವಳು ತಂದ ಚಿತ್ರ ನೋಡಿ, “ಇದು ಅರಮನೆ ಅಲ್ಲ, ರೆಸ್ಟೋರೆಂಟ್” ಎಂದರು. ಅವಳು ಸಿಟ್ಟಾಗಿ, “ನಿಮಗೆ ಅರಮನೆ ಗೊತ್ತೋ?” ಎಂದಳು. “ಗೊತ್ತು. ನಮ್ಮ ಮನೆ” ಎಂದರು, ಅಷ್ಟೇ ಗಂಭೀರವಾಗಿ.

ಮಾರಾಟ ವಿಭಾಗದ ಇರ್ಷಾದ್ ಭಟ್ಕಳದವನು, ಇಂಥದ್ದನ್ನು ಬಿಡುವವನಲ್ಲ. ಊಟದ ಹೊತ್ತಿಗೆ ಕೆದಕಿ ಕೆದಕಿ ಎಲ್ಲ ಹೊರತೆಗೆದ. ಎರಡು ಸಾವಿರ ವರ್ಷಕ್ಕೂ ಹಿಂದೆ, ಹಾನ್ ವಂಶದ ಒಬ್ಬ ಚಕ್ರವರ್ತಿಗೆ ಹಲವು ಗಂಡುಮಕ್ಕಳು. ಅವರಲ್ಲಿ ಒಬ್ಬನಿಗೆ ಪಟ್ಟ ಸಿಗಲಿಲ್ಲ, ರಾಜಧಾನಿಯಿಂದ ದೂರದ ಒಂದು ಸೀಮೆ ಸಿಕ್ಕಿತು. ಇವರು ಆ ರಾಜಕುಮಾರನಿಂದ ಎಣಿಸಿದರೆ ಎಪ್ಪತ್ತೊಂದನೆಯ ತಲೆಮಾರು. ಅಷ್ಟೂ ಹೆಸರುಗಳ ಒಂದು ಪುಸ್ತಕ ಅವರ ಊರಿನಲ್ಲಿದೆಯಂತೆ.

“ಒಳ್ಳೆಯ ರಾಜನಾ?” ಇರ್ಷಾದ್ ಕೇಳಿದ.

“ಇಲ್ಲ, ಇಲ್ಲ. ಕುಡಿತ, ಹಾಡು, ಹೆಂಡಂದಿರು. ಯುದ್ಧ ಮಾಫಿ, ಕೆಲಸ ಮಾಫಿ, ಏನೂ ಇಲ್ಲ. ಗಂಡುಮಕ್ಕಳೇ ನೂರು.”

“ನೂರಾ! ಶಹಜಾದೇ, ನಮ್ಮ ಭಟ್ಕಳದಲ್ಲಿ ಮದುವೆ ಊಟಕ್ಕೆ ಕರೆಯೋಕೆ ಹೊರಟ್ರೆ ನಮ್ಮಜ್ಜನ ಕಡೆಯವರೇ ನೂರು ಜನ. ಅದಕ್ಕೆ ಪುಸ್ತಕ ಯಾಕೆ? ಫೋನ್ ಸಾಕು.”

“ಫೋನ್ ಬ್ಯಾಟರಿ ಖಲಾಸ್” ಎಂದರು ಇವರು. “ಪುಸ್ತಕಕ್ಕೆ ಬ್ಯಾಟರಿ ಬೇಡ.”

ಆ ದಿನದಿಂದ ಅವರು ಕಚೇರಿಗೆ ಶಹಜಾದೆ. ಚಹಾ ಕೊಡುವವನಿಂದ ಮ್ಯಾನೇಜರ್ ತನಕ ಎಲ್ಲರೂ ಹಾಗೇ ಕರೆದರು. ಅವರು ಬೇಸರಿಸಿಕೊಂಡದ್ದನ್ನು ನಾನು ನೋಡಿಲ್ಲ. ನೋಡಿಲ್ಲ ಎನ್ನುವುದಕ್ಕೂ ಅವರು ಬೇಸರಿಸಿಕೊಳ್ಳಲಿಲ್ಲ ಎನ್ನುವುದಕ್ಕೂ ವ್ಯತ್ಯಾಸವಿದೆ.

ನನ್ನ ತಮಾಷೆ ಇರ್ಷಾದನದಕ್ಕಿಂತ ಕೆಟ್ಟದು. ಅವನು ನಂಬಿ ನಗುತ್ತಿದ್ದ, ನಾನು ನಂಬದೆ ನಗುತ್ತಿದ್ದೆ. ವಂಶಾವಳಿಗಳು ಹೇಗೆ ತಯಾರಾಗುತ್ತವೆ, ಊರಿನ ಸಣ್ಣ ಪಾಳೆಯಗಾರನೂ ಸೂರ್ಯನಿಗೋ ಚಂದ್ರನಿಗೋ ಹೇಗೆ ಗಂಟು ಹಾಕಿಕೊಳ್ಳುತ್ತಾನೆ ಎಂಬುದನ್ನೆಲ್ಲ ಓದಿದವನು ನಾನು. ಒಂದು ದಿನ ಗೋದಾಮಿನಲ್ಲಿ, ಸುತ್ತ ಐದಾರು ಜನ ಇದ್ದಾಗ, “ಎಪ್ಪತ್ತೊಂದು ತಲೆಮಾರಿನಲ್ಲಿ ಒಬ್ಬನೂ ದತ್ತು ಬಂದವನಲ್ಲ, ಒಬ್ಬನೂ ಸುಳ್ಳು ಹೇಳಿದವನಲ್ಲ ಎಂದು ನಿಮಗೆ ಹೇಗೆ ಗೊತ್ತು?” ಎಂದು ಕೇಳಿದೆ.

“ಗೊತ್ತಿಲ್ಲ” ಎಂದರು. “ಬಹುಶಃ ಮೂವತ್ತು ಜನ ಸುಳ್ಳ. ಆದರೆ ಎಪ್ಪತ್ತು ಸಲ ಯಾರೋ ಒಬ್ಬ ಕೂತು ಹೆಸರು ಬರೆದ. ಪ್ರವಾಹ ಬಂತು, ಬರೆದ. ಊಟ ಇರಲಿಲ್ಲ, ಬರೆದ. ರಾಜಕುಮಾರ ನನಗೆ ಬೇಡ. ಬರೆದವನು ಬೇಕು.”

ಈ ಮಾತು ಡೈರಿಯಲ್ಲಿ ಇದೆ. ಕೆಳಗೆ ನಾನು ‘ಚೆನ್ನಾಗಿ ಜಾರಿಕೊಂಡರು’ ಎಂದು ಬರೆದಿದ್ದೇನೆ.

ರಾಜ್ಯ ಏನಾಯಿತು ಎಂದು ಕೇಳಿದರೆ ಕೈಯನ್ನು ಕತ್ತಿಯ ಹಾಗೆ ಹಿಡಿದು ಗಾಳಿಯಲ್ಲಿ ಕತ್ತರಿಸಿ ತೋರಿಸುತ್ತಿದ್ದರು. ಇರುವ ಸೀಮೆಯನ್ನು ಎಲ್ಲ ಗಂಡುಮಕ್ಕಳಿಗೂ ಹಂಚಬೇಕೆಂದು ಚಕ್ರವರ್ತಿಯ ಆಜ್ಞೆಯಾಯಿತಂತೆ. “ಮೊದಲು ಬ್ಲಾಕ್. ಆಮೇಲೆ ಸ್ಲ್ಯಾಬ್. ಆಮೇಲೆ ಟೈಲ್. ಆಮೇಲೆ ಮೊಸಾಯಿಕ್. ನನ್ನ ಅಜ್ಜನ ಕಾಲಕ್ಕೆ ಜಲ್ಲಿ.” ಅಜ್ಜ ಕಲ್ಲುಗಣಿಯಲ್ಲಿ ಕೂಲಿ. ಅಪ್ಪನೂ ಅಷ್ಟೇ. ರಾಜಕುಮಾರನನ್ನು ಹೂಳುವಾಗ ಹಸಿರು ಜೇಡ್ ಕಲ್ಲಿನ ಸಾವಿರಾರು ಬಿಲ್ಲೆಗಳನ್ನು ಚಿನ್ನದ ದಾರದಲ್ಲಿ ಹೊಲಿದು ಮೈತುಂಬ ಉಡಿಸಿದ್ದರಂತೆ, ಮೈ ಕೊಳೆಯಬಾರದೆಂದು. “ಕೊಳೆಯಿತಾ?” ಎಂದೆ. “ಪೂರಾ. ಕಲ್ಲು ಮಾತ್ರ ಉಳಿಯಿತು. ಗುಡ್ ಕ್ವಾಲಿಟಿ” ಎಂದು ನಕ್ಕರು.

ಒಂದು ಸಂಗತಿಯನ್ನು ಮಾತ್ರ ನಗದೆ ಹೇಳಿದರು. ಕ್ರಾಂತಿಯ ಹೆಸರಿನಲ್ಲಿ ಹಳೆಯದನ್ನೆಲ್ಲ ಸುಟ್ಟುಹಾಕುತ್ತಿದ್ದ ಕಾಲದಲ್ಲಿ ಆ ವಂಶದ ಪುಸ್ತಕವನ್ನು ಉಳಿಸಿದವಳು ಅವರ ಅಜ್ಜಿ. ಹಂದಿಗೂಡಿನ ಗೋಡೆಯ ಕಲ್ಲು ಬಿಚ್ಚಿ, ಒಳಗಿಟ್ಟು, ಮತ್ತೆ ಕಟ್ಟಿದಳಂತೆ. ಆ ಪುಸ್ತಕದಲ್ಲಿ ಅಜ್ಜಿಯ ಹೆಸರಿಲ್ಲ. ಹೆಂಡತಿಯರನ್ನು ಇಂಥ ಮನೆತನದವಳು ಎಂದಷ್ಟೇ ಬರೆಯುತ್ತಾರೆ, ಹೆಣ್ಣುಮಕ್ಕಳನ್ನು ಬರೆಯುವುದೇ ಇಲ್ಲ. “ಚಕ್ರವರ್ತಿಯ ಪುಸ್ತಕ ಈಗಲೂ ಹಂದಿ ವಾಸನೆ. ಅಜ್ಜಿಯ ಹೆಸರು ಅದೇ” ಎಂದರು. ಅವರಿಗೆ ಇದ್ದದ್ದು ಒಬ್ಬಳೇ ಮಗಳು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗಳು ಅಬುಧಾಬಿಯ ಬನಿಯಾಸ್‌ನಲ್ಲಿ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿದ್ದಳು. ಆಗ ವಾರದ ರಜೆ ಶುಕ್ರವಾರ, ಗುರುವಾರ ಬಂತೆಂದರೆ ಅವರು ಬೇಗ ಕೈ ತೊಳೆದು ಅವಳಲ್ಲಿಗೆ ಹೋಗುವ ಬಸ್ಸಿಗೆ ಓಡುತ್ತಿದ್ದರು.

ಆಗಲೇ ಅವರು ನನ್ನನ್ನು ಕೇಳಿದ್ದು: “ನಿನ್ನ ಮಗಳು ಯಾವ ಪುಸ್ತಕದಲ್ಲಿ?”

ಪುಸ್ತಕ ಇಲ್ಲ ಎಂದೆ. ನಮ್ಮದು ಅಳಿಯಸಂತಾನದ ಮನೆತನ, ಬರಿ, ಅಂದರೆ ಕುಲ, ತಾಯಿಯಿಂದ ಬರುವುದು ಎಂದು ವಿವರಿಸಿದೆ. ನನ್ನ ಮಗಳು ನನ್ನ ಹೆಂಡತಿಯ ಬರಿಯವಳು, ಅವಳ ಕುಟುಂಬ ನನ್ನ ಹೆಂಡತಿಯ ತಾಯಿಯ ಕುಟುಂಬ. ನನ್ನ ಕುಟುಂಬ ಮುಂದುವರಿಯುವುದು ನನ್ನ ತಂಗಿಯ ಮಕ್ಕಳಿಂದ. ಅವರು ಸ್ಪಂಜು ಕೆಳಗಿಟ್ಟು ಕೇಳಿದರು.

“ಹಾಗಾದರೆ ಮಗಳಿಗೆ ನೀನು ಯಾರು? ಗೆಸ್ಟ್?”

ಎಲ್ಲರೂ ನಕ್ಕರು, ನಾನೂ ನಕ್ಕೆ. ಮಿರ್ದಿಫ್‌ನ ಮನೆಗೆ ಬಂದು ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ. ಹತ್ತು ವರ್ಷದ ಮಗಳು ಕೇಳಿಸಿಕೊಂಡು, “ದೆನ್ ವೈ ಡು ಐ ಹ್ಯಾವ್ ಯುವರ್ ಇನಿಶಿಯಲ್, ಅಪ್ಪ?” ಎಂದಳು. ಪಾಸ್‌ಪೋರ್ಟಿಗೆ ಬೇಕಲ್ಲ ಎಂದೆ. ಆ ಗೆಸ್ಟ್ ಎಂಬ ಮಾತು ನನಗೆ ಚುಚ್ಚಿತ್ತು ಎಂದು ಈಗ ಅನ್ನಿಸುತ್ತದೆ. ಆಗಲೇ ಅನ್ನಿಸಿತ್ತೋ, ಮುಂದೆ ನಡೆದದ್ದಕ್ಕೆ ಒಂದು ಕಾರಣ ಬೇಕೆಂದು ಈಗ ಹುಡುಕಿಕೊಂಡೆನೋ, ಹೇಳಲಾರೆ.

ಇನ್ನೊಂದು ಜಗಳ ಮಾತ್ರ ಖಂಡಿತ ನಡೆದದ್ದು. ಟರ್ಕಿಯಿಂದ ಬಂದ ಒಂದು ಕಂಟೇನರಿಗೆ ನಾನು ಫೋಟೋ ನೋಡಿಯೇ ಒಪ್ಪಿಗೆ ಹಾಕಿದ್ದೆ. ಇವರು ಅದರಲ್ಲಿ ಅರ್ಧಕ್ಕರ್ಧ ಹಲಗೆಗಳಿಗೆ ಬೇಡ ಎಂದು ಗೆರೆ ಎಳೆದರು. ಮ್ಯಾನೇಜರ್ ನನ್ನನ್ನು ಗೋದಾಮಿಗೇ ಕರೆಸಿ ಎಲ್ಲರೆದುರು ಬೈದ. ಇವರು ಸಮಾಧಾನ ಮಾಡುವ ದನಿಯಲ್ಲಿ, “ಪೇಪರ್ ಗುಡ್. ಕಲ್ಲು ನೋ ಗುಡ್” ಎಂದರು. ಕೊಂಕಿಲ್ಲದೆ ಹೇಳಿದ ಮಾತು. ಆದರೆ ಇರ್ಷಾದ್ ಅದನ್ನು ಒಂದು ತಿಂಗಳು ಹಾಡಿದ. ನಾನು ಫೈಲ್ ಹಿಡಿದು ಹೋದರೆ, “ಬಂದರು ಪೇಪರ್ ಗುಡ್!”

ಇದಾದ ಮೇಲೆ, ಆರು ವರ್ಷದ ಹಿಂದೆ, ಅವರು ಒಂದು ಲಕೋಟೆ ಹಿಡಿದು ನನ್ನ ಮೇಜಿಗೆ ಬಂದರು.

ಅವರ ಊರಿನಲ್ಲಿ ಮೂವತ್ತು ವರ್ಷಕ್ಕೊಮ್ಮೆ ಆ ಪುಸ್ತಕವನ್ನು ಹೊಸದಾಗಿ ಮುದ್ರಿಸುತ್ತಾರೆ. ಹುಟ್ಟಿದವರನ್ನು ಸೇರಿಸುತ್ತಾರೆ, ಸತ್ತವರ ತಾರೀಖು ಹಾಕುತ್ತಾರೆ. ಈ ಸಲದ ಮುದ್ರಣಕ್ಕೆ ಸಮಿತಿಯವರು ಬಹಳ ಜಗಳವಾಡಿ ಒಂದು ತೀರ್ಮಾನಕ್ಕೆ ಬಂದಿದ್ದರು: ತಂದೆ ಬರೆದು ಕೇಳಿದರೆ ಹೆಣ್ಣುಮಕ್ಕಳ ಹೆಸರನ್ನೂ ಹಾಕಬಹುದು. ಆ ಜಗಳದಲ್ಲಿ ದುಬೈಯಿಂದ ಫೋನಿನಲ್ಲಿ ಕೂಗಾಡಿದವರಲ್ಲಿ ಇವರೂ ಒಬ್ಬರು. ಹಾಗಾಗಿ ಸಮಿತಿಯ ಕಾರ್ಯದರ್ಶಿಗೂ ಇವರಿಗೂ ಮಾತು ನಿಂತಿತ್ತು, ಏನಿದ್ದರೂ ಬರವಣಿಗೆಯಲ್ಲಿ. ಇವರಿಗೆ ಮೇಲ್, ಕೋಷ್ಟಕ ಎಂದರೆ ಆಗದು. ಹೊರದೇಶದವರಿಗಾಗಿ ಇಂಗ್ಲಿಷಿನಲ್ಲೂ ಕಳಿಸಿದ್ದ ನಮೂನೆಯನ್ನು ತೋರಿಸಿ ಕೇಳಿದರು.

“ನೀನು ಮಾಡು. ನೀನು ಇತಿಹಾಸ ಓದಿದವನು. ನನ್ನ ಮಗಳು ಸೆವೆಂಟಿ ಟೂ.”

ಮಾಡಿದೆ. ಒಂದು ಶುಕ್ರವಾರ ಅರ್ಧ ದಿನ ಕೂತು ಮಾಡಿದೆ. ಅದರ ಹಿಂದಿನ ವರ್ಷ ನಮ್ಮ ಕುಟುಂಬದ ಆಸ್ತಿ ಪಾಲಿಗಾಗಿ ನಾನೇ ಒಂದು ವಂಶವೃಕ್ಷದ ಫೈಲ್ ತಯಾರಿಸಿದ್ದೆ, ಬಹಳ ಅಚ್ಚುಕಟ್ಟಾದದ್ದು. ಅದರಲ್ಲೇ ಹಳೆಯ ಹೆಸರುಗಳನ್ನು ಅಳಿಸಿ ಅವರ ಹೆಸರುಗಳನ್ನು ತುಂಬಿದೆ. ನಮ್ಮ ಕುಟುಂಬದ ಫೈಲಿನಲ್ಲಿ ಮಗು ತಾನಾಗಿ ತಾಯಿಯ ಕೆಳಗೆ, ತಾಯಿಯ ಮನೆತನದಲ್ಲಿ ಹೋಗಿ ಕೂರುತ್ತದೆ. ಇವರ ಮಗಳೂ ಹಾಗೆಯೇ ಹೋಗಿ ತಾಯಿಯ ಕೆಳಗೆ ಕೂತಳು. ಮನೆತನದ ಕಾಲಮಿನಲ್ಲಿ ತಾಯಿಯ ತವರುಮನೆಯ ಹೆಸರು. ಇವರ ಹೆಸರಿನ ಕೆಳಗೆ ಖಾಲಿ. ನನ್ನ ಕಣ್ಣಿಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ನಾನು ಹುಟ್ಟಿದಾಗಿನಿಂದ ನೋಡಿದ ಎಲ್ಲ ಮನೆಗಳೂ ಹಾಗೇ ಇರುವುದು.

ಪ್ರತಿ ಕಲ್ಲಿನ ಮುಂದೆ ಅರ್ಧ ಗಂಟೆ ನಿಲ್ಲುವ ಮನುಷ್ಯ ಆ ಹಾಳೆಯನ್ನು ಓದಲಿಲ್ಲ. ಕನ್ನಡಕ ಗೋದಾಮಿನಲ್ಲಿದೆ ಎಂದರು. ಮಗಳ ಹೆಸರು ಎಲ್ಲಿದೆ ಎಂದು ಕೇಳಿ ಅದರ ಮೇಲೆ ಬೆರಳಿಟ್ಟರು, ಸಹಿ ಮಾಡಿ, ತಮ್ಮ ಹೆಸರಿನ ಕೆಂಪು ಮುದ್ರೆ ಒತ್ತಿದರು. ನಾನು ನನ್ನ ಮೇಲ್‌ನಿಂದಲೇ ಕಳಿಸಿದೆ.

ಇಲ್ಲಿಯ ತನಕದ್ದು ತಪ್ಪು. ಇದಕ್ಕೆ ನನಗೆ ನಾಚಿಕೆಯಿಲ್ಲ. ನಾಚಿಕೆ ಇರುವುದು ಇನ್ನು ಮುಂದಿನದಕ್ಕೆ.

ಎರಡು ವಾರದ ಮೇಲೆ ಸಮಿತಿಯಿಂದ ಉತ್ತರ ಬಂತು. ಚೀನಿ ಭಾಷೆಯ ಕೆಳಗೆ ಒಡ್ಡೊಡ್ಡಾದ ಇಂಗ್ಲಿಷ್ ಇತ್ತು, ಅರ್ಥವಾಗಲು ಸಾಕು. ಈ ಹೆಣ್ಣುಮಗಳು ತಾಯಿಯ ಮನೆತನದಲ್ಲಿ ನಮೂದಾಗಿದ್ದಾಳೆ, ಹಾಗಾದರೆ ನಮ್ಮ ಪುಸ್ತಕಕ್ಕೆ ಸೇರುವುದಿಲ್ಲ. ತಪ್ಪಾಗಿದ್ದರೆ ತಂದೆಯ ಹೊಸ ಸಹಿ, ಮುದ್ರೆಯೊಂದಿಗೆ ಹದಿನೈದು ದಿನದೊಳಗೆ ತಿದ್ದಿ ಕಳಿಸಬೇಕು. ಇಲ್ಲದಿದ್ದರೆ ತಂದೆಯ ಹೆಸರಿನ ಕೆಳಗೆ ಸಂತಾನವಿಲ್ಲ ಎಂದು ಮುದ್ರಿಸಲಾಗುವುದು.

ಓದಿದ ಕೂಡಲೇ ತಿಳಿಯಿತು. ಗೊತ್ತಾಗಲಿಲ್ಲ, ಗಮನಿಸಲಿಲ್ಲ, ಜಂಕಿಗೆ ಹೋಗಿತ್ತು ಎಂಬುದನ್ನೆಲ್ಲ ನಾನು ಈ ಆರು ವರ್ಷದಲ್ಲಿ ನನಗೇ ಹೇಳಿಕೊಂಡು ನೋಡಿದ್ದೇನೆ. ಯಾವುದೂ ನಿಲ್ಲುವುದಿಲ್ಲ. ಮಧ್ಯಾಹ್ನದ ಚಹಾ ಕುಡಿಯುತ್ತ ಓದಿದೆ, ಪರದೆಯನ್ನು ಸಣ್ಣದು ಮಾಡಿದೆ.

ಅವತ್ತೇ ಗೋದಾಮಿಗೆ ಹೋಗಿ, “ನನ್ನಿಂದ ತಪ್ಪಾಗಿದೆ, ಇನ್ನೊಂದು ಸಹಿ ಹಾಕಿ” ಎಂದಿದ್ದರೆ ಹತ್ತು ನಿಮಿಷದ ಕೆಲಸ. ಹೋಗಲಿಲ್ಲ. ಇರ್ಷಾದ್ ಏನನ್ನುತ್ತಾನೆಂದು ಕಿವಿಗೆ ಮೊದಲೇ ಕೇಳಿಸುತ್ತಿತ್ತು: “ಪೇಪರೂ ನೋ ಗುಡ್!” ನಾಳೆ ಹೇಳೋಣ ಎಂದುಕೊಂಡೆ. ಮರುದಿನ ಅವರೇ ಬಂದು, “ಲೆಟರ್ ಬಂತಾ?” ಎಂದರು. ಇನ್ನೂ ಇಲ್ಲ ಎಂದೆ. ಒಂದು ಸಲ ಇಲ್ಲ ಎಂದ ಮೇಲೆ ನಿಜ ಹೇಳುವುದು ಎರಡು ಪಟ್ಟು ಕಷ್ಟವಾಯಿತು. ನಾಲ್ಕು ದಿನ ಬಿಟ್ಟು ಮತ್ತೆ ಬಂದರು. ಇನ್ನೂ ಇಲ್ಲ.

ಇದರಲ್ಲಿ ಸೇಡು ಇತ್ತೇ? ಕಂಟೇನರಿನ ಸೇಡು, ಗೆಸ್ಟ್ ಎಂದದ್ದರ ಸೇಡು? ಇದ್ದಿದ್ದರೆ ಒಂದು ಲೆಕ್ಕಕ್ಕೆ ಒಳ್ಳೆಯದಿತ್ತು, ಸೇಡಿಗಾದರೂ ಒಂದು ಕಾರಣವಿರುತ್ತದೆ. ನನಗೆ ಅನ್ನಿಸುವುದು, ಅದಕ್ಕಿಂತ ಸಣ್ಣದು. ಹೇಗೂ ಸುಳ್ಳಿನ ಪುಸ್ತಕ, ಒಂದು ಹೆಸರು ಇದ್ದರೇನು ಬಿಟ್ಟರೇನು ಎಂದು ನಾನು ಒಳಗೊಳಗೇ ಹೇಳಿಕೊಂಡಿದ್ದೆ. ಅವರ ಜೀವನದ ಒಂದೇ ಆಸೆಯನ್ನು ನನ್ನ ಎಂ.ಎ. ಪದವಿಯಿಂದ ಅಳೆದಿದ್ದೆ.

ಹನ್ನೊಂದನೆಯ ದಿನ ಮೂರನೆಯ ಸಲ ಬಂದರು. ಈ ಸಲ ಕೂರಲಿಲ್ಲ. ಮೇಜಿನ ಅಂಚು ಹಿಡಿದು ನಿಂತು ನನ್ನ ಮುಖವನ್ನೇ ನೋಡಿದರು.

“ಓಕೆ?”

“ಓಕೆ” ಎಂದೆ. “ಬಂತು. ಎಲ್ಲ ಸರಿಯಾಗಿದೆ.”

ಅವರು ಹೊರಗೆ ಹೋದರು. ಅರ್ಧ ಗಂಟೆಯಲ್ಲಿ ಎರಡು ಚೀಲ ಕಿತ್ತಳೆ ಹಣ್ಣು ಹೊತ್ತು ಬಂದರು. ಮೇಜಿನಿಂದ ಮೇಜಿಗೆ ಹೋಗಿ ಒಬ್ಬೊಬ್ಬರಿಗೂ ಎರಡೆರಡು, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. “ಮೈ ಡಾಟರ್. ಸೆವೆಂಟಿ ಟೂ.” ಮ್ಯಾನೇಜರಿಗೆ, ಚಹಾದವನಿಗೆ, ಕೆಳಗೆ ಲಿಫ್ಟಿನ ಹತ್ತಿರ ಕೂರುವ ಬಂಗಾಳಿ ಕಾವಲುಗಾರನಿಗೆ. ಇರ್ಷಾದ್ ಎದ್ದು ನಿಂತು ಸಲಾಂ ಮಾಡಿ, “ಮುಬಾರಕ್, ಶಹಜಾದೇ! ಇವತ್ತಿಂದ ಮನೆಯಲ್ಲಿ ಶಹಜಾದಿ” ಎಂದ. ಎಲ್ಲರೂ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಗಡುವಿಗೆ ಇನ್ನೂ ನಾಲ್ಕು ದಿನವಿತ್ತು. ಆ ನಾಲ್ಕು ದಿನವೂ ನಾನು ಕಚೇರಿಗೆ ಹೋದೆ, ಆ ನಾಲ್ಕು ದಿನವೂ ಆ ಮೇಲ್ ಅಲ್ಲೇ ಇತ್ತು. ನನ್ನ ಪಾಲಿನ ಎರಡು ಕಿತ್ತಳೆಯನ್ನು ಮನೆಗೆ ತಂದೆ. ಮಗಳು ತಿಂದಳು. ಡೈರಿಯಲ್ಲಿ ಅವತ್ತಿನ ಪುಟದಲ್ಲಿ ಇರುವುದು ‘ಬಿಸಿಲು ಜೋರು’.

ಮತ್ತೆರಡು ವರ್ಷ ಅವರು ಇದ್ದರು. ವಯಸ್ಸಾಯಿತೆಂದು ಕಂಪನಿ ವೀಸಾ ಮುಂದುವರಿಸಲಿಲ್ಲ. ಬೀಳ್ಕೊಡುಗೆಯ ದಿನ ಮಾತಾಡಲು ಹೇಳಿದಾಗ ಎದ್ದು ನಿಂತು, ನನ್ನ ಕಡೆ ಕೈ ತೋರಿಸಿ, “ಈ ಮನುಷ್ಯ ನನ್ನ ಮಗಳನ್ನು ಬರೆದ. ಎರಡು ಸಾವಿರ ವರ್ಷದಲ್ಲಿ ಮೊದಲ ಹೆಣ್ಣು ಹೆಸರು ಬರೆದವನು, ಇಂಡಿಯನ್!” ಎಂದರು. ಅವರ ಮನೆಯ ಕವಲಿನಲ್ಲಿ ಮೊದಲು ಎಂದು ಅವರ ಅರ್ಥವಿರಬೇಕು. ನಾನು ತಲೆ ತಗ್ಗಿಸಿದೆ. ವಿನಯ ಎಂದು ಎಲ್ಲರೂ ಅಂದುಕೊಂಡರು.

ಅವರ ಮಗಳನ್ನು ನಾನು ಭೇಟಿಯಾದದ್ದು ಮೊನ್ನೆ ಶನಿವಾರ, ಮಿರ್ದಿಫ್‌ನಲ್ಲಿ ನಮ್ಮ ಮನೆಯ ಹತ್ತಿರದ ಒಂದು ಕೆಫೆಯಲ್ಲಿ. ನಾನೇ ಬನಿಯಾಸ್‌ಗೆ ಬರುತ್ತೇನೆ ಎಂದರೂ ಕೇಳದೆ ಅವಳೇ ಕಾರು ಓಡಿಸಿಕೊಂಡು ಬಂದಿದ್ದಳು. ಮೂವತ್ತೆರಡರ ಹೆಂಗಸು, ಅಪ್ಪನದೇ ಹಣೆ. ಚೊಕ್ಕ ಇಂಗ್ಲಿಷ್. ಅವಳ ಹೆಸರು ನನಗೆ ಗೊತ್ತು, ನನ್ನ ಕೈಯಾರೆ ಕೋಷ್ಟಕದಲ್ಲಿ ತುಂಬಿದ್ದೇನೆ. ಇಲ್ಲಿ ಬರೆಯುವುದು ಸರಿಯೆನಿಸುವುದಿಲ್ಲ. ಬರೆಯಬೇಕಿದ್ದ ಜಾಗ ಬೇರೆ ಇತ್ತು.

ನೀಲಿ ಬಟ್ಟೆಯ ರಟ್ಟಿನ ದಪ್ಪ ಪುಸ್ತಕವನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. ಕೊನೆಯ ಕಡೆಯ ಒಂದು ಪುಟ ತೆರೆದಳು. ಮೇಲಿನಿಂದ ಕೆಳಕ್ಕೆ ಇಳಿಯುವ ಅಕ್ಷರಗಳಲ್ಲಿ ಒಂದು ಹೆಸರಿನ ಮೇಲೆ ಬೆರಳಿಟ್ಟು, “ಇದು ಅಪ್ಪ” ಎಂದಳು. ಅದರ ಕೆಳಗೆ ಒಂದೇ ಅಕ್ಷರ. “ಇದು, ನಿಂತಿತು ಅಂತ. ಗಂಡುಮಕ್ಕಳಿಲ್ಲದವರಿಗೆ ಹಿಂದಿನಿಂದಲೂ ಹೀಗೇ ಹಾಕುವುದು.”

ನಾನು ಪುಟದಿಂದ ಕಣ್ಣು ಕಿತ್ತು ಅವಳನ್ನು ನೋಡಿದೆ. ಅವಳು ಸಣ್ಣಗೆ ನಗುತ್ತಿದ್ದಳು.

“ಹೆದರಬೇಡಿ. ಅಪ್ಪನಿಗೆ ಗೊತ್ತಾಗಿತ್ತು. ಊರಿಗೆ ಹೋದ ವಾರವೇ ಪುಸ್ತಕ ತೆಗೆದು ನೋಡಿದರು. ಎರಡು ದಿನ ಊಟ ಮಾಡಲಿಲ್ಲ. ಆಮೇಲೆ, ಕಾರ್ಯದರ್ಶಿಯ ಜೊತೆ ಆಗಲೂ ಮಾತಿರಲಿಲ್ಲವಲ್ಲ, ಸಮಿತಿಯ ಬೇರೊಬ್ಬರ ಹತ್ತಿರ ನೀವು ಕಳಿಸಿದ ಹಾಳೆ ಕೇಳಿ ನೋಡಿದರಂತೆ. ನೋಡಿ ನನಗೆ ಫೋನ್ ಮಾಡಿ ನಕ್ಕೇ ನಕ್ಕರು. ‘ಅವನ ಊರಿನಲ್ಲಿ ಮಕ್ಕಳು ಅಮ್ಮನ ಮನೆಯವರು. ಅವನು ನಿನ್ನನ್ನು ತನ್ನ ಸ್ವಂತ ಮಗಳನ್ನು ಬರೆದ ಹಾಗೆ ಬರೆದಿದ್ದಾನೆ. ಅವನಿಗೆ ಎಂದೂ ಹೇಳಬೇಡ, ಬೇಜಾರು ಮಾಡಿಕೊಳ್ಳುತ್ತಾನೆ’ ಅಂದರು.”

ಪುಟ ತಿರುವುತ್ತ, “ಮುಂದಿನ ಸಲ ಮುದ್ರಿಸುವಾಗ ನನಗೆ ಐವತ್ತಾರೋ ಏನೋ. ಆಗ ನಾನೇ ಫಾರಂ ತುಂಬುತ್ತೇನೆ, ಅಂಕಲ್. ನಿಮ್ಮ ಕೈಗೆ ಕೊಡುವುದಿಲ್ಲ” ಎಂದು ತಮಾಷೆ ಮಾಡಿದಳು.

ನಾನು ನಕ್ಕು, ಕ್ಷಮಿಸಮ್ಮ ಎಂದು ಎದ್ದು ಬಂದುಬಿಡಬಹುದಿತ್ತು. ಅಪ್ಪ ಮಗಳು ಇಬ್ಬರೂ ನನ್ನನ್ನು ಕ್ಷಮಿಸಿಯಾಗಿತ್ತು. ಆದರೆ ಅವರು ಕ್ಷಮಿಸಿದ್ದು ನಾನು ಮಾಡಿದ್ದನ್ನಲ್ಲ.

“ನನಗೆ ಗೊತ್ತಿತ್ತು” ಎಂದೆ.

“ಏನು?”

“ತಪ್ಪಾಗಿದೆ ಅಂತ. ಸಮಿತಿಯಿಂದ ಕಾಗದ ಬಂದಿತ್ತು. ತಿದ್ದಿ ಕಳಿಸಲು ಹದಿನೈದು ದಿನ ಕೊಟ್ಟಿದ್ದರು. ನಾನು ನಿಮ್ಮ ಅಪ್ಪನಿಗೆ ಹೇಳಲಿಲ್ಲ.”

ಅವಳ ಮುಖದ ಮೇಲಿನ ನಗು ತಕ್ಷಣ ಹೋಗಲಿಲ್ಲ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಇತ್ತು.

“ಅಪ್ಪ ಕಿತ್ತಳೆ ಹಂಚಿದೆ ಅಂದಿದ್ದರು. ಅವತ್ತು?”

“ಅವತ್ತೂ ಗೊತ್ತಿತ್ತು.”

“ಸಮಯ ಇತ್ತಾ?”

“ನಾಲ್ಕು ದಿನ.”

ಪುಸ್ತಕವನ್ನು ಮುಚ್ಚಿ, ತನ್ನ ಕಡೆಗೆ ಎಳೆದುಕೊಂಡಳು. ಪಕ್ಕದ ಮೇಜಿನಲ್ಲಿ ಯಾರೋ ಬಿಲ್ ಕೇಳುತ್ತಿದ್ದರು. ನಾನು ಕಾರಣಗಳನ್ನು ಹೇಳಲು ಶುರುಮಾಡಿದೆ, ಇರ್ಷಾದ್, ಕಂಟೇನರ್, ಮ್ಯಾನೇಜರ್. ಅವಳು ಕೈ ಎತ್ತಿ ತಡೆದಳು.

“ಇದನ್ನು ಅಪ್ಪನಿಗೆ ಹೇಳದೇ ಇದ್ದದ್ದು ಒಳ್ಳೆಯದಾಯಿತು” ಎಂದಳು, ಬಹಳ ಮೆಲ್ಲಗೆ. “ಇಪ್ಪತ್ತು ವರ್ಷದಲ್ಲಿ ದುಬೈಯಲ್ಲಿ ಅವರಿಗೆ ಇದ್ದದ್ದು ಒಬ್ಬನೇ ಸ್ನೇಹಿತ.”

ಎದ್ದು ನಿಂತಳು. ಪುಸ್ತಕ ಚೀಲದೊಳಗೆ ಹೋಯಿತು.

“ಆ ಕಾಗದ ಈಗಲೂ ಇದೆಯಾ?”

“ಇದೆ.”

“ನನಗೆ ಕಳಿಸಿ.”

ಫೋನ್ ತೆಗೆದೆ. ಹುಡುಕಬೇಕಾಗಲಿಲ್ಲ, ಅದು ಎಲ್ಲಿದೆ ಎಂದು ನನ್ನ ಬೆರಳಿಗೆ ಗೊತ್ತಿತ್ತು. ಅವಳು ಹೇಳಿದ ವಿಳಾಸ ಹಾಕಿ ಒತ್ತಿದೆ. ಒಂದು ಕ್ಷಣದಲ್ಲಿ ಅವಳ ಚೀಲದೊಳಗೆ ಫೋನ್ ಸಣ್ಣಗೆ ಸದ್ದು ಮಾಡಿತು. ಅವಳು ಅದನ್ನು ತೆಗೆದು ನೋಡಲಿಲ್ಲ. ಇಷ್ಟೇ ಹೊತ್ತಿನ ಕೆಲಸವೇ ಇದು ಎನ್ನುವ ಹಾಗೆ ನನ್ನನ್ನು ನೋಡಿ, ಕಾರಿನ ಕಡೆ ಹೋದಳು.